ರಾಣಿ ಚೆನ್ನಮ್ಮನ ಬೈಲಹೊಂಗಲದ ದಿನಗಳು

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಎತ್ತಿನ ಗಾಡಿಯಲ್ಲಿ ಒಂದು ದಿನದ ಹಾದಿ. 1824ನೆಯ ಇಸವಿಯ ಡಿಸೆಂಬರದಲ್ಲಿ ಕಿತ್ತೂರ ಕೋಟೆಯು ಇಂಗ್ಲೀಷರ ಕೈವಶವಾದ ಬಳಿಕ ರಾಣಿ ಚೆನ್ನಮ್ಮನು ತನ್ನ ಮನೆತನದ ಹೆಣ್ಣುಮಕ್ಕಳೊಡನೆ ಸೆರೆಯಾಳಾಗಿ ಈ ಹಾದಿಯನ್ನು ಕ್ರಮಿಸಿದಳು. 1829ನೆಯ ಇಸವಿಯ ಫೆಬ್ರುವರಿಯಲ್ಲಿ ಬೈಲಹೊಂಗಲದ ಕೋಟೆಯಲ್ಲಿಯೇ ಲಿಂಗೈಕ್ಯಳಾದಳು. ನಡುವಿನ ಅವಧಿಯು ನಾಲ್ಕು ವರ್ಷಗಳ ಮೇಲೆ ಎರಡು ತಿಂಗಳು. ಕಿತ್ತೂರಿನ ಇತಿಹಾಸವನ್ನು ಬರೆದವರಲ್ಲಿ ಹಲವರು ಒಂದೂವರೆ ತಿಂಗಳ ಯುದ್ಧಪ್ರಸಂಗಕ್ಕೆ ಪುಟಗಟ್ಟಲೆ ಸ್ಥಳವನ್ನು ಕೊಟ್ಟು, ಈ ನಾಲ್ಕು ವರ್ಷಗಳನ್ನು ‘ಶಿವಪೂಜೆ ಪುರಾಣಶ್ರವಣಗಳಲ್ಲಿ ಕಾಲ ಕಳೆದಳು’ ಎಂಬರ್ಥದ ಒಂದೇ ವಾಕ್ಯದಲ್ಲಿ ಮುಗಿಸಿಬಿಡುವದುಂಟು. ಪರಂಪರೆಯಿಂದ ಬಂದ ಈ ಮಾತು ಚಿಕ್ಕದು. ಆದರೆ ಅದರೊಳಗೆ ಏನು ಅಡಗಿದೆಯೆಂಬದನ್ನು ಬಿಡಿಸಿ ನೋಡುವದು ಅವಶ್ಯವಾಗಿದೆ. ಕತ್ತಿ ಹಿಡಿದ ಚೆನ್ನಮ್ಮನನ್ನು ಬಲ್ಲವರು ಬಹಳ. ಕತ್ತಿಯನ್ನು ಕಳೆದುಕೊಂಡ ಮೇಲಿನ ಚೆನ್ನಮ್ಮನನ್ನು ವಿಚಾರಿಸಿದವರು ವಿರಳ.

ಕಿತ್ತೂರ ದೇಸಗತಿಯು 1585ನೆಯ ಇಸವಿಯ ಸುಮಾರಿಗೆ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಸಹೋದರರಿಂದ ಸಂಪಗಾವಿಯಲ್ಲಿ ಮೊದಲಾಯಿತೆಂಬದು ಪ್ರಸಿದ್ಧವಾದ ಸಂಗತಿ. ಮುಂದೆ ರಾಜಧಾನಿಯು ಕಿತ್ತೂರಿಗೆ ಬಂದಿತು. ದೇಸಾಯರು ವೀರಶೈವರು, ಕಿತ್ತೂರ ಕಲ್ಮಠವು ಅವರ ರಾಜಗುರುಪೀಠವಾಗಿದ್ದಿತು. 1778ರಲ್ಲಿ ಬೆಳಗಾವಿಯ ಹತ್ತಿರದ ಕಾಕತಿಯಲ್ಲಿ ಹುಟ್ಟಿದ ಚೆನ್ನಮ್ಮನು ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿಯಾಗಿ ಈ ಮನೆಯನ್ನು ಸೇರಿದಳು. ಮಲ್ಲಸರ್ಜನ ಆಯುಷ್ಯವೆಲ್ಲ ಬಲಿಷ್ಠರಿಬ್ಬರ ನಡುವೆ ಸಿಕ್ಕ ಚಿಕ್ಕ ಸಂಸ್ಥಾನಿಕನ ಆಯುಷ್ಯ. ತಾರುಣ್ಯದಲ್ಲಿ ಟಿಪ್ಪುಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕು ಕಬ್ಬಾಳದುರ್ಗದಲ್ಲಿದ್ದು ತಪ್ಪಿಸಿಕೊಂಡು ಬಂದನು. ಕೊನೆಗಾಲದಲ್ಲಿ ಪೇಶವೆ ಎರಡನೆಯ ಬಾಜೀರಾಯನು ಅವನನ್ನು ಪುಣೆಯಲ್ಲಿ ತಡೆದಿಟ್ಟನು. ಬಿಡುಗಡೆಯಾದದ್ದು ದೇಹವು ಜೀರ್ಣವಾದ ಮೇಲೆ. 1816ರಲ್ಲಿ ಅವನು ತೀರಿಕೊಂಡನು. ಸೆರೆವಾಸವೆಂಬದು ಚೆನ್ನಮ್ಮನಿಗೆ 1824ರಲ್ಲಿ ಮೊದಲು ಕೇಳಿಬಂದ ಮಾತಲ್ಲ. ಪತಿಯ ಸೆರೆಯ ಕಾಲದಲ್ಲಿ ಮನೆಯಲ್ಲಿದ್ದು ದಿನವೆಣಿಸುವದು ಎಂತಹದೆಂಬದನ್ನು ಆಕೆ ಮೊದಲೇ ಅರಿತಿದ್ದಳು. ಆಕೆಯು ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನೂ ಕಳೆದುಕೊಂಡಳು. ಹಿರಿಯ ರಾಣಿ ರುದ್ರಮ್ಮನ ಮಗನಾದ ಶಿವಲಿಂಗರುದ್ರಸರ್ಜನು ಪಟ್ಟಕ್ಕೆ ಬಂದನು, ಅವನಿಗೂ ಸಂತಾನವಾಗಲಿಲ್ಲ.

1824ರ ಸಪ್ಟೆಂಬರದಲ್ಲಿ ಶಿವಲಿಂಗರುದ್ರಸರ್ಜನು ತೀರಿಕೊಳ್ಳುವದಕ್ಕೆ ಮುಂಚೆ ಮಾಸ್ತಮರಡಿಯ ಗೌಡರ ಮನೆಯ ಬಾಲಕನಾದ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡ ಸಂಗತಿಯೂ, ಧಾರವಾಡದ ಕಲೆಕ್ಟರನಾದ ಸೇಂಟ್ ಜಾನ್ ಥ್ಯಾಕರೆಯು ದತ್ತಕ ಪತ್ರದ ಸಹಿಯನ್ನೇ ಸಂಶಯಿಸಿ ಅದನ್ನು ಒಪ್ಪದೆ ಹೋದ ಸಂಗತಿಯೂ ವಾಚಕರಿಗೆ ತಿಳಿದವೇ. ಖಜಾನೆಗೆ ಕಂಪನಿಯ ಮುದ್ರೆ ಬಿದ್ದಿತು, ಕಾವಲು ಕುಳಿತಿತು. ಸುಮಾರು ಹದಿನೈದು ಲಕ್ಷ ರೂಪಾಯಿಗಳೆಂದು ಎಣಿಕೆಯಾದ ಹಣ ಒಡವೆಗಳ ಮೇಲೆ ಸರಕಾರದ ದೃಷ್ಟಿ ಇದ್ದಿತು. ಅಕ್ಟೋಬರ 23ರಂದು ಕೋಟೆಯ ಬಾಗಿಲು ಮುಚ್ಚಿತು. ತೆರೆಯದಿದ್ದರೆ ತೋಪಿನಿಂದ ಒಡೆಯುವೆನೆಂದು ಥ್ಯಾಕರೆಯು ಬೆದರಿಕೆ ಹಾಕಿದನು. ಬಾಗಿಲು ತೆರೆದು ಹೊರಬಿದ್ದ ಕಿತ್ತೂರ ಬಂಟರ ಹೊಡೆತಕ್ಕೆ ಅವನು ಸತ್ತನು. ಯುದ್ಧದ ವಿವರವು ಇಲ್ಲಿ ಬೇಡ. ಆದರೆ ಆ ದಿನದ ಒಂದು ಸಂಗತಿಯನ್ನು ಬಿಡುವಂತಿಲ್ಲ. ಸ್ಟೀವನ್ಸನ್, ಎಲಿಯಟ್ ಎಂಬ ಇಬ್ಬರು ತರುಣ ಅಧಿಕಾರಿಗಳು ಕಿತ್ತೂರಿನವರ ಕೈಗೆ ಸೆರೆಸಿಕ್ಕರು. ಸೇಡಿನ ಹುಮ್ಮಸದಲ್ಲಿ ಅವರ ತಲೆ ಹೋಗಿದ್ದರೆ ಆ ಕಾಲದ ರೂಢಿಯಲ್ಲಿ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅವರು ಕೂದಲು ಕೊಂಕದೆ ಉಳಿದರು, ಮುಂದೆ ಬಿಡುಗಡೆ ಹೊಂದಿದರು. ಆಗ ಇಪ್ಪತ್ತೊಂದು ವರ್ಷದವನಾಗಿದ್ದ ಈ ವಾಲ್ಟರ ಎಲಿಯಟ್ಟನೇ ಮುಂದೆ ಕನ್ನಡನಾಡಿನ ನೂರಾರು ಶಿಲಾಶಾಸನಗಳ ಪ್ರತಿ ಮಾಡಿಸಿ 1837ರಲ್ಲಿ ಅವುಗಳ ಮೇಲೆ ಲೇಖವನ್ನು ಪ್ರಕಟಿಸಿದನು. ಚಾಲುಕ್ಯರ ಇತಿಹಾಸವನ್ನು ಓದುವವರೆಲ್ಲರೂ ಕಿತ್ತೂರಿನವರ ಆ ದಯೆಗೆ ಒಂದಿಷ್ಟು ಋಣಿಗಳೆಂದರೆ ತಪ್ಪಾಗದು. ಕೈಯಲ್ಲಿ ಬಲವಿದ್ದಾಗ ಶರಣಾಗತನನ್ನು ಕಾಯುವದೂ ದೈವಾಜ್ಞೆಯ ಪಾಲನವೇ ಆಗಿದೆ. ಅದು ಸೆರೆಯಲ್ಲಿ ಕುಳಿತು ಮಾಡುವ ಜಪಕ್ಕಿಂತ ಸುಲಭವಾದದ್ದೇನೂ ಅಲ್ಲ.

ಇಲ್ಲಿ ಒಂದು ಆಕ್ಷೇಪವು ಬರುವದು ಸಹಜ. ಎಲ್ಲವೂ ಶಿವನ ಇಚ್ಛೆಯೆಂದು ನಂಬುವವಳು ಕಂಪನಿಯ ಅಪ್ಪಣೆಯನ್ನೂ ಶಿವೇಚ್ಛೆಯೆಂದೇ ಒಪ್ಪಬಾರದಾಗಿತ್ತೇ? ಒಪ್ಪಿದ್ದರೆ ಸಾವಿರಾರು ಜನರ ಪ್ರಾಣ ಉಳಿಯುತ್ತಿರಲಿಲ್ಲವೇ? ಈ ಪ್ರಶ್ನೆಯನ್ನು ಕೇಳಿದವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಕೇಳುವವರೆಲ್ಲರೂ ಹೇಡಿಗಳೆಂದು ತಳ್ಳಿಹಾಕುವದು ಸರಿಯಲ್ಲ. ಉತ್ತರವನ್ನು ಚೆನ್ನಮ್ಮನ ಮತದ ತತ್ತ್ವದಲ್ಲಿಯೇ ಹುಡುಕಬೇಕು. ವೀರಶೈವರ ಷಟ್‌ಸ್ಥಲಗಳಲ್ಲಿ ಮೊದಲನೆಯದು ಭಕ್ತಸ್ಥಲ. ಅದರ ಲಕ್ಷಣವು ಶ್ರದ್ಧೆ. ಎರಡನೆಯದು ಮಹೇಶಸ್ಥಲ, ಅದರ ಲಕ್ಷಣವು ನಿಷ್ಠೆ. ಹಿಡಿದ ವ್ರತವನ್ನು ಪ್ರಾಣ ಹೋದರೂ ಬಿಡದ ಬಿರುಸು ಈ ಸ್ಥಲದ್ದು. ವಂಶವು ಉಳಿಯುವಂತೆ ದತ್ತಕ ಮಾಡಿಕೊಳ್ಳುವದು ಧರ್ಮಶಾಸ್ತ್ರಸಮ್ಮತವಾದ ಕರ್ಮ. ದೇಸಗತಿಯೆಂಬದು ಬರಿಯ ಭೂಮಿ ಹಣಗಳ ಒಡೆತನವೂ ಅಲ್ಲ. ಮಠಗಳ ದಾಸೋಹ, ಗುಡಿಗಳ ದೀಪ, ಊರೂರಿನ ಉಂಬಳಿ ಇವೆಲ್ಲವೂ ಆ ಒಡೆತನದ ಕೊರಳಿಗೆ ಕಟ್ಟಿದ ಹೊಣೆಗಳು. ಒಬ್ಬ ಅಧಿಕಾರಿಯ ಸಂಶಯಕ್ಕಾಗಿ ಇವನ್ನೆಲ್ಲ ಕೈಬಿಡುವದನ್ನು ಚೆನ್ನಮ್ಮನು ವಿಧೇಯತೆಯೆಂದು ತಿಳಿಯಲಿಲ್ಲ, ಕರ್ತವ್ಯಚ್ಯುತಿಯೆಂದು ತಿಳಿದಳು. ದೇವರಿಗೆ ವಿಧೇಯನಾಗಿರುವದೂ ಬಲವುಳ್ಳವನಿಗೆ ವಿಧೇಯನಾಗಿರುವದೂ ಒಂದೇ ಎಂದು ಹೇಳುವವರು ಸಾಮಾನ್ಯವಾಗಿ ಬಲವುಳ್ಳವರ ಪಕ್ಷದವರೇ ಆಗಿರುತ್ತಾರೆ.

ಈ ಸೀಮೆಯ ಮಣ್ಣಿಗೆ ಈ ಭೇದವು ಹೊಸದಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯಾಗಿ ಶರಣರು ದಿಕ್ಕುಪಾಲಾದಾಗ ಚೆನ್ನಬಸವಣ್ಣನೊಡನೆ ಉಳವಿಯ ಕಡೆಗೆ ನಡೆದವರ ಹಾದಿಯು ಮಲಪ್ರಭೆಯ ಈ ದಂಡೆಗಳ ಮೇಲೆಯೇ ಹಾಯ್ದಿತೆಂದು ಪರಂಪರೆಯು ಹೇಳುವದು. ಕಾದರವಳ್ಳಿಯ ಹತ್ತಿರ ಬೆನ್ನಟ್ಟಿ ಬಂದ ದಂಡಿನೊಡನೆ ಶರಣರ ಕಾಳಗವಾಯಿತಂತೆ. ಕಿತ್ತೂರಿಗೆ ಸಮೀಪದ ಮುಗುಟಖಾನ ಹುಬ್ಬಳ್ಳಿಯಲ್ಲಿ ಮಲಪ್ರಭೆಯ ನೀರಿನೊಳಗೆ ಬಸವಣ್ಣನ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ರಾಜಸತ್ತೆಯನ್ನು ಎದುರಿಸಿ, ಎಲ್ಲವನ್ನೂ ಕಳೆದುಕೊಂಡು, ಆದರೆ ಲಿಂಗವನ್ನೂ ವಚನದ ಕಟ್ಟುಗಳನ್ನೂ ಬಿಡದೆ ನಡೆದವರ ಕತೆಯನ್ನು ಕಿತ್ತೂರಿನ ಮನೆಗಳಲ್ಲಿ ಕೂಸುಗಳು ಮೊಲೆಹಾಲಿನೊಡನೆ ಕೇಳಿದ್ದವು. ಚೆನ್ನಮ್ಮನು ಶಿವನನ್ನು ನಂಬಿದಳೆಂದರೆ ಶಿವನು ಗೆಲವನ್ನು ಕೊಡುವನೆಂದು ನಂಬಿದಳೆಂದು ಎಣಿಸಬಾರದು. ಕಲ್ಯಾಣದ ಶರಣರಿಗೆ ಅವನು ಗೆಲವನ್ನು ಕೊಟ್ಟಿರಲಿಲ್ಲವೆಂಬದನ್ನು ಆಕೆ ಬಲ್ಲಳು.

ಡಿಸೆಂಬರದ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ದಂಡು ಬಂದು ಕೋಟೆಯನ್ನು ಮುರಿಯಿತು. ಸೋಲಾಪುರದ ಸಬ್‌ಕಲೆಕ್ಟರ ಮನ್ರೋ ಆ ಹೊಡೆದಾಟದಲ್ಲಿ ಸತ್ತನಾದರೂ ಕಿತ್ತೂರು ಉಳಿಯಲಿಲ್ಲ. ಗಂಡ, ಮಗ, ಪಟ್ಟದ ಅರಸ ಮೊದಲೇ ಹೋಗಿದ್ದರು. ಈಗ ರಾಜ್ಯ ಹೋಯಿತು, ಖಜಾನೆ ಹೋಯಿತು, ವಾಡೆ ಹೋಯಿತು, ದತ್ತಕದ ಹುಡುಗನ ಹಕ್ಕು ಹೋಯಿತು, ನಂಬಿದ ಬಂಟರು ಹೆಣವಾದರು. ಐವತ್ತರ ಹೊಸ್ತಿಲಿಗೆ ಬಂದ ವಿಧವೆಯೊಬ್ಬಳು ಬೈಲಹೊಂಗಲದ ಕೋಟೆಯೊಳಗೆ ಕಾವಲುಗಾರರ ಕಣ್ಣೆದುರಿಗೆ ಉಳಿದಳು.

ವೀರಶೈವಪೂಜೆಯ ಸ್ವರೂಪವನ್ನು ಇಲ್ಲಿ ತುಸು ನಿಂತು ನೋಡಬೇಕು, ಏಕೆಂದರೆ ಮುಂದಿನ ನಾಲ್ಕು ವರ್ಷಗಳ ಬೀಗದ ಕೈ ಅದರಲ್ಲಿದೆ. ಗುಡಿಯ ದೇವರನ್ನು ಕಾಣಬೇಕಾದರೆ ಗುಡಿಗೆ ಹೋಗಬೇಕು; ಹೋಗುವವನಿಗೆ ಕಾಲು ಬಿಡುವಿರಬೇಕು. ಸೆರೆಯಾಳಿಗೆ ಅದಿಲ್ಲ. ಇಷ್ಟಲಿಂಗವಾದರೋ ಗುರುವು ಕೈಯಲ್ಲಿ ಕೊಟ್ಟಂದಿನಿಂದ ಮೈಮೇಲೆಯೇ ಇರುವದು. ಪೂಜೆಯ ಕಾಲಕ್ಕೆ ಎಡದ ಅಂಗೈಯೇ ಪೀಠವಾಗುವದು. ಪೂಜೆಗೆ ಬೇಕಾದದ್ದು ಒಂದು ತಂಬಿಗೆ ನೀರು, ಒಂದು ಚಿಟಿಕೆ ವಿಭೂತಿ, ದೊರೆತರೆ ಒಂದು ಪತ್ರಿ. ಅಷ್ಟಾವರಣಗಳ ಲೆಕ್ಕವನ್ನು ಹಾಕಿ ನೋಡಿದರೆ ಕಾವಲುಗಾರನ ಅಧಿಕಾರವು ಎಲ್ಲಿಯವರೆಗೆ ನಡೆಯುವದೆಂಬದು ತಿಳಿಯುವದು. ಗುರುವು ಬಾಗಿಲೊಳಗೆ ಬಾರದಂತೆ ತಡೆಯಬಹುದು. ಜಂಗಮನನ್ನು ತಡೆಯಬಹುದು, ಜಂಗಮನಿಲ್ಲದಿದ್ದರೆ ಅವನ ಪಾದೋದಕವೂ ಇಲ್ಲ. ಲಿಂಗವನ್ನು ಕಸಿಯುವದೆಂದರೆ ಕೊರಳಿಗೇ ಕೈ ಹಾಕಬೇಕು. ಅಷ್ಟಕ್ಕೆ ಕಂಪನಿಯವರು ಹೋಗಲಿಲ್ಲ. ವಿಭೂತಿ ರುದ್ರಾಕ್ಷಿಗಳ ಬೆಲೆಯನ್ನು ಯಾವ ಖಜಾನೆಯ ಗುಮಾಸ್ತನೂ ಬರೆದುಕೊಳ್ಳನು. ಮಂತ್ರವು ಐದಕ್ಷರದ್ದು, ಅದನ್ನು ಹಿಡಿಯುವ ಸಂಕೋಲೆ ಯಾವ ಕಮ್ಮಾರನಲ್ಲಿಯೂ ಇಲ್ಲ.

ಉಳಿದದ್ದು ಪ್ರಸಾದ. ನಾಲ್ಕು ವರ್ಷಗಳ ನಿಜವಾದ ಕಷ್ಟವು ಇದರಲ್ಲಿಯೇ ಇದ್ದಿತು. ನಿಷ್ಠಾವಂತ ಲಿಂಗವಂತರು ಲಿಂಗಪೂಜೆಯಾಗದೆ ಬಾಯಲ್ಲಿ ನೀರು ಹಾಕುವದಿಲ್ಲ. ಲಿಂಗಕ್ಕೆ ಅರ್ಪಿಸದ ಅನ್ನವನ್ನು ಉಣ್ಣುವದಿಲ್ಲ. ಬೈಲಹೊಂಗಲದಲ್ಲಿ ಚೆನ್ನಮ್ಮನ ಎದುರಿಗೆ ಬಂದ ಎಡೆಯು ಯಾರ ಅನ್ನ? ತನ್ನ ರಾಜ್ಯವನ್ನು ಕಸಿದುಕೊಂಡ ಸರಕಾರದ ಅನ್ನ. ಸ್ವಾಭಿಮಾನವುಳ್ಳ ರಾಣಿಗೆ ಆ ತುತ್ತು ಗಂಟಲಲ್ಲಿ ಇಳಿಯುವದು ಹೇಗೆ? ಷಟ್‌ಸ್ಥಲದ ಮೂರನೆಯ ಮೆಟ್ಟಿಲಾದ ಪ್ರಸಾದಿಸ್ಥಲವು ಇಂತಹ ಪ್ರಶ್ನೆಗೇ ಇರುವದು. ಅದರ ಲಕ್ಷಣವನ್ನು ಅವಧಾನವೆಂದು ಹೇಳಿದ್ದಾರೆ. ಬಂದ ಸುಖವನ್ನೂ ದುಃಖವನ್ನೂ ಎಚ್ಚರದಿಂದ ಮೊದಲು ಲಿಂಗಕ್ಕೆ ಅರ್ಪಿಸಿ, ಅವನು ಕೊಟ್ಟನೆಂದು ಮರಳಿ ಪಡೆಯುವದು ಪ್ರಸಾದಿಯ ಕ್ರಮ. ಹೀಗೆ ಅರ್ಪಿತವಾದ ಅನ್ನವು ಕಂಪನಿಯ ಅನ್ನವಾಗಿ ಉಳಿಯುವದಿಲ್ಲ. ಕೊಟ್ಟವನ ಹೆಸರು ಬದಲಾಗುವದು; ಉಣ್ಣುವವಳ ತಲೆ ತಗ್ಗಬೇಕಾಗಿಲ್ಲ. ಆದರೆ ಈ ಅರ್ಪಣವು ಒಂದು ದಿನ ಮಾಡಿ ಮುಗಿಸುವದಲ್ಲ, ದಿನಕ್ಕೆರಡು ಸಲ, ನಾಲ್ಕು ವರ್ಷ. ಕಿತ್ತೂರಿನ ನಿಷ್ಠೆಗೆ ಬಂಟರ ಕೂಗು, ಕಹಳೆಯ ದನಿ, ಗೆಲವಿನ ಆಸೆ ಬೆಂಬಲವಾಗಿದ್ದವು. ಬೈಲಹೊಂಗಲದ ಅವಧಾನಕ್ಕೆ ನೋಡುವವರು ಕಾವಲುಗಾರರು ಮಾತ್ರ. ಮಹೇಶಸ್ಥಲಕ್ಕಿಂತ ಪ್ರಸಾದಿಸ್ಥಲವು ಮೇಲಿನದೆಂದು ಹಿರಿಯರು ಇಟ್ಟ ಕ್ರಮದ ಅರ್ಥವು ಕಿತ್ತೂರಿನಿಂದ ಬೈಲಹೊಂಗಲದ ಹಾದಿಯಲ್ಲಿ ಸ್ಪಷ್ಟವಾಗುವದು.

ಒಂದು ಮಾತನ್ನು ಮಾತ್ರ ಮರೆಮಾಚುವದು ಸರಿಯಲ್ಲ. ಸೆರೆಯಲ್ಲಿ ದಾಸೋಹವಿಲ್ಲ. ಜಂಗಮಕ್ಕೆ ನೀಡದೆ ತಾನು ಉಣ್ಣುವದನ್ನು ಲಿಂಗವಂತಧರ್ಮವು ಒಪ್ಪುವದಿಲ್ಲ. ನೀಡುವ ಕೈಯೇ ಬರಿದಾದಾಗ ಭಕ್ತನು ಏನು ಮಾಡಬೇಕು? ಮಠಗಳಿಗೆ ಉಂಬಳಿ ಬಿಟ್ಟ ಮನೆತನದ ರಾಣಿಗೆ ರಾಜ್ಯ ಹೋದದ್ದಕ್ಕಿಂತ ಈ ಕೊರತೆಯೇ ಹೆಚ್ಚು ಕೊರೆದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು. ಸಂಗೊಳ್ಳಿ ರಾಯಣ್ಣನು ವೇಷ ಮರೆಸಿ ಬೈಲಹೊಂಗಲಕ್ಕೆ ಬಂದು ರಾಣಿಯನ್ನು ಕಂಡನೆಂದು ಲಾವಣಿಕಾರರು ಹಾಡುವದುಂಟು. ಲಾವಣಿಯ ಮಾತನ್ನು ಲಾವಣಿಯ ಮಾತಾಗಿಯೇ ತೆಗೆದುಕೊಂಡರೂ, ಬಾಗಿಲಿಗೆ ಬಂದವನನ್ನು ಬರಿಗೈಯಿಂದ ಕಳಿಸದ ಮನೆತನವೆಂದು ಜನರು ಕಿತ್ತೂರನ್ನು ನೆನೆದದ್ದಕ್ಕೆ ಅದು ಸಾಕ್ಷಿ. ರಾಣಿಯ ಬಳಿಯಲ್ಲಿ ಕೊಡುವದಕ್ಕೆ ಆಗ ಆಶೀರ್ವಾದವೊಂದೇ ಇದ್ದಿತು.

ಭಾಗವತದ ಮೊದಲ ಸ್ಕಂಧದಲ್ಲಿ ಕುಂತಿಯು ಕೃಷ್ಣನನ್ನು ಬೀಳ್ಕೊಡುವಾಗ, ತಮಗೆ ಮತ್ತೆ ಮತ್ತೆ ವಿಪತ್ತುಗಳು ಬರಲಿ, ಅವುಗಳಲ್ಲಿಯೇ ನಿನ್ನ ದರ್ಶನವಾಗುವದು ಎಂಬ ಅಭಿಪ್ರಾಯವನ್ನು ಹೇಳಿದಳು. ಅದು ಯುದ್ಧವನ್ನು ಗೆದ್ದ ಮಕ್ಕಳ ತಾಯಿಯ ಮಾತೆಂಬದನ್ನು ಪೌರಾಣಿಕರು ಅಷ್ಟಾಗಿ ಲಕ್ಷಿಸುವದಿಲ್ಲ. ಸೋತವರ ಮನೆಯಲ್ಲಿ ವಿಪತ್ತನ್ನು ಬೇಡುವವರು ಯಾರೂ ಇಲ್ಲ. ಬಂದದ್ದನ್ನು ಹೊರುವದೇ ಅಲ್ಲಿ ಸಾಕಷ್ಟು.

ಹಾಗೆ ಹೊರುವದನ್ನು ಈ ಸೀಮೆಯ ಸಾಮಾನ್ಯ ಜನರು ತಮ್ಮ ಬೇರೊಂದು ರೀತಿಯಿಂದ ಬಲ್ಲರು. ಬೈಲಹೊಂಗಲದ ಮೂಡಣಕ್ಕೆ ಸವದತ್ತಿ. ಅಲ್ಲಿ ಯಲ್ಲಮ್ಮನ ಗುಡ್ಡ. ಹೊಸ್ತಿಲ ಹುಣ್ಣಿಮೆಯಂದು ದೇವಿಗೆ ವೈಧವ್ಯ ಬಂದಿತೆಂದು ಬಳೆ ಒಡೆಯುವದು, ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾದಳೆಂದು ಬಳೆ ತೊಡುವದು ಅಲ್ಲಿಯ ಸಂಪ್ರದಾಯ. ದೇವಿಯ ದುಃಖದ ದಿನಗಳೆಂದು ಭಕ್ತರು ಆಕೆಯನ್ನು ಬಿಟ್ಟಿರುವದಿಲ್ಲ. ಆ ಹುಣ್ಣಿಮೆಗೂ ಚಕ್ಕಡಿ ಕಟ್ಟಿಕೊಂಡು ‘ಉಧೋ ಉಧೋ’ ಎನ್ನುತ್ತ ಗುಡ್ಡ ಏರುವರು. ಪಂಡಿತರು ಇಂತಹ ಆಚಾರಗಳನ್ನು ಕಂಡು ಮೂಗು ಮುರಿಯುವದುಂಟು. ಆದರೆ ಕಷ್ಟದಲ್ಲಿರುವ ಮನುಷ್ಯನನ್ನು ದೇವರು ಬಿಡುವನೇ ಎಂದು ಶಾಸ್ತ್ರಜ್ಞರು ವಾದಿಸುತ್ತಿರುವಾಗ, ಕಷ್ಟದಲ್ಲಿರುವ ದೇವರನ್ನು ತಾವು ಬಿಡುವದಿಲ್ಲವೆಂದು ಈ ಒಕ್ಕಲುಮಕ್ಕಳು ವರ್ಷವರ್ಷವೂ ತೋರಿಸಿಕೊಡುತ್ತಾರೆ. ಬಳೆ ಕಳೆದ ರಾಣಿಯು ಬೈಲಹೊಂಗಲದಲ್ಲಿದ್ದ ನಾಲ್ಕು ವರ್ಷಗಳಲ್ಲಿಯೂ ಗುಡ್ಡದ ಮೇಲೆ ದೇವಿಯ ಬಳೆ ಒಡೆದು ಮತ್ತೆ ಕೂಡಿದವು.

ಮೂವತ್ತು ವರ್ಷಗಳ ಬಳಿಕ ರಾಮದುರ್ಗದ ಸೀಮೆಯಲ್ಲಿ ಇಂತಹದೇ ಪ್ರಸಂಗವು ಇನ್ನೊಂದು ಬಗೆಯಾಗಿ ಮುಗಿಯಿತು. ನರಗುಂದದ ಭಾಸ್ಕರರಾವ ಬಾಬಾಸಾಹೇಬನು ಭಾವೆ ಮನೆತನದವನು, ರಾಮದುರ್ಗದ ಸಂಸ್ಥಾನಿಕನ ಬಂಧು. ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನೇ ಕೂಡಿಸಿಟ್ಟಿದ್ದ ವಿದ್ಯಾಭಿಮಾನಿ. ಅವನಿಗೂ ಸಂತಾನವಿಲ್ಲ, ಅವನಿಗೂ ದತ್ತಕದ ಅಪ್ಪಣೆಯನ್ನು ಸರಕಾರ ಕೊಡಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಇಳಿದಿದ್ದ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನು ಅವನ ಜನರಿಂದ ಹತನಾದನು. ಕೆಲವೇ ದಿನಗಳಲ್ಲಿ ನರಗುಂದ ಬಿದ್ದಿತು, ಬಾಬಾಸಾಹೇಬನು ತೊರಗಲ್ಲ ಸೀಮೆಯಲ್ಲಿ ಸೆರೆಸಿಕ್ಕನು. ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದನು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಯಲ್ಲಿ ಪ್ರಾಣವನ್ನು ಕಳೆದುಕೊಂಡರು. ಆ ಹೆಣ್ಣುಜೀವಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ಅಧಿಕಾರವು ಮನೆಯಲ್ಲಿ ಬೆಚ್ಚಗೆ ಕುಳಿತು ಓದುವವರಿಗೆ ಇಲ್ಲ. ಚೆನ್ನಮ್ಮನು ಹಾಗೆ ಮಾಡಲಿಲ್ಲವೆಂಬ ಸಂಗತಿಯನ್ನಷ್ಟೇ ಹೇಳಬೇಕು. ಅಂಗವು ಲಿಂಗದ ನೆಲೆಯೆಂದು ತಿಳಿದವಳಿಗೆ ಅದನ್ನು ತಾನಾಗಿ ಚೆಲ್ಲುವ ಹಕ್ಕು ಇರಲಿಲ್ಲ.

ಅದೇ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ರಾಮನಿಗಾಗಿ ಕಾದಿದ್ದ ಶಬರಿಯ ಗುಡಿ ಅಲ್ಲಿದೆ. ಗುರುವಾದ ಮತಂಗನು ‘ಇಲ್ಲಿಯೇ ಇರು, ರಾಮನು ಬರುವನು’ ಎಂದು ಹೇಳಿ ಹೋದನು. ಯಾವ ದಿನವೆಂದು ಹೇಳಲಿಲ್ಲ. ಮುದುಕಿಯಾಗುವವರೆಗೂ ಆಕೆ ದಿನದಿನವೂ ಅಂಗಳ ಗುಡಿಸಿ, ಹಣ್ಣು ಕೂಡಿಸಿ ಇಟ್ಟಳೆಂದು ಜನರು ಹೇಳುವರು. ಬಾರದ ಅತಿಥಿಗಾಗಿ ಬೆಳಿಗ್ಗೆ ಎದ್ದು ಕಸಬರಿಗೆ ಹಿಡಿಯುವ ಆ ಕೆಲಸವೂ ಬೈಲಹೊಂಗಲದ ತಂಬಿಗೆ ನೀರಿನ ಪೂಜೆಯೂ ಒಂದೇ ಜಾತಿಯವು. ಶಬರಿಗೆ ರಾಮನು ಬಂದನು. ಚೆನ್ನಮ್ಮನಿಗೆ ಬಿಡುಗಡೆಯು ಬರಲಿಲ್ಲ. ಶಿವಲಿಂಗಪ್ಪನ ದತ್ತಕವು ಮಾನ್ಯವಾಯಿತೆಂಬ ಸುದ್ದಿಯೂ ಬರಲಿಲ್ಲ.

ಆಕೆಯು ತೀರಿಕೊಂಡ ಮರುವರ್ಷ ರಾಯಣ್ಣನು ಶಿವಲಿಂಗಪ್ಪನ ಹೆಸರಿನಲ್ಲಿ ಜನರನ್ನು ಕೂಡಿಸಿ ಸರಕಾರದ ಕಚೇರಿಗಳ ಮೇಲೆ ಬಿದ್ದನು. ವಿಶ್ವಾಸಘಾತದಿಂದ ಹಿಡಿಯಲ್ಪಟ್ಟು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು. ಆ ಕತೆಯು ಬೇರೆ.

ಈಗ ಕಿತ್ತೂರಿನಲ್ಲಿ ಪ್ರತಿವರ್ಷ ಅಕ್ಟೋಬರದಲ್ಲಿ ಉತ್ಸವ ನಡೆಯುವದು. ಕುದುರೆಯ ಮೇಲೆ ಕತ್ತಿ ಹಿರಿದ ರಾಣಿಯ ಮೂರ್ತಿಗಳನ್ನು ನಾಡಿನ ಅನೇಕ ಪಟ್ಟಣಗಳಲ್ಲಿ ಕಾಣಬಹುದು. 2007ರಲ್ಲಿ ದಿಲ್ಲಿಯ ಸಂಸತ್ ಭವನದ ಆವರಣದಲ್ಲಿಯೂ ಒಂದು ಸ್ಥಾಪಿತವಾಯಿತು. ಇದೆಲ್ಲವೂ ಯೋಗ್ಯವೇ. ಬೈಲಹೊಂಗಲದ ಸಮಾಧಿಗೆ ಬರುವವರ ಸಂಖ್ಯೆಯು ಇವುಗಳನ್ನು ನೋಡುವವರಿಗಿಂತ ಕಡಿಮೆ. ಹತ್ತಿಯ ಪೇಟೆಗೆ ಬಂದ ರೈತನು ವ್ಯಾಪಾರ ಮುಗಿದ ಮೇಲೆ ಒಂದು ಗಳಿಗೆ ಒಳಗೆ ಬಂದು ಕೈಮುಗಿದು ಹೋಗುವದುಂಟು. ವೀರಶೈವರು ದೇಹವನ್ನು ಸುಡುವದಿಲ್ಲ. ಪದ್ಮಾಸನದಲ್ಲಿ ಕುಳ್ಳಿರಿಸಿ, ವಿಭೂತಿ ಪತ್ರಿಗಳನ್ನು ತುಂಬಿ, ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿಟ್ಟು ಮಣ್ಣು ಮುಚ್ಚುವರು. ಅದು ಅರಸನಿಗೂ ಒಕ್ಕಲಿಗನಿಗೂ ಒಂದೇ ಕ್ರಮ. 1829ರ ಫೆಬ್ರುವರಿಯಲ್ಲಿ ಕಾವಲುಗಾರರು ದೂರ ನಿಂತಿರಲು, ಕಿತ್ತೂರ ರಾಣಿಯನ್ನು ಬೈಲಹೊಂಗಲದ ನೆಲದಲ್ಲಿ ಹೀಗೆಯೇ ಕುಳ್ಳಿರಿಸಿದರು.